ಎರಡು ಬಾಗಿಲು ದಾಟಬೇಕಾದ ಕಪ್ಪುಕುಳಿ

ಅವನಿಗೆ ಬೇಕಾದದ್ದು ಬರೀ ಐದು ಸಹಿ.

ಆ ಸಂಶೋಧನಾಲಯದ ನಿರ್ದೇಶಕರದ್ದು ಒಂದು ವಿಚಿತ್ರ ಹಟ. ಕೆಲಸ ಕಾಯಂ ಆಗಬೇಕಾದವರು ತಮ್ಮ ಪ್ರಬಂಧವನ್ನು ವಿಜ್ಞಾನ ಓದದ ಐದು ಮಂದಿ ಸಿಬ್ಬಂದಿಗೆ ವಿವರಿಸಬೇಕು; ಅವರು ಅರ್ಥವಾದದ್ದನ್ನು ಒಂದು ಸಾಲಿನಲ್ಲಿ ಬರೆದು ಸಹಿ ಹಾಕಬೇಕು. ಆರು ವರ್ಷ ತಾತ್ಕಾಲಿಕ ನೌಕರಿಯಲ್ಲೇ ತೂಗಾಡಿ, ಇಡೀ ಕಟ್ಟಡದ ಬಾಯಲ್ಲಿ ‘ಹಂಗಾಮಿ’ ಎಂಬ ಹೆಸರು ಪಡೆದವನಿಗೆ ಆ ಸಂಜೆ ಐದು ಗಂಟೆಯೇ ಗಡುವು. ಸಾಲದ್ದಕ್ಕೆ ಅವನ ಅಮ್ಮ ನೆರೆಹೊರೆಗೆಲ್ಲ ‘ನಮ್ಮ ಹುಡುಗ ಕಾಯಂ ಆದ’ ಎಂದು ಆಗಲೇ ಸಾರಿಬಿಟ್ಟಿದ್ದಳು. ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದಂತೆ ಹಂಗಾಮಿಯ ಪ್ರಾಣ ಐದು ಖಾಲಿ ಗೆರೆಗಳ ಒಂದು ಹಾಳೆಯಲ್ಲಿತ್ತು.

ಪ್ರಬಂಧದ ಸಾರ ಇಷ್ಟೆ: ಧೂಳಿನ ಕಣಕ್ಕಿಂತಲೂ ಎಷ್ಟೋ ಪಾಲು ಹಗುರವಾದ ಕಪ್ಪುಕುಳಿ ಅಲೆಯ ಹಾಗೆ ನಡೆದುಕೊಳ್ಳುತ್ತದೆ; ಎದುರಿಗೆ ಎರಡು ಬಾಗಿಲಿದ್ದರೆ ಎರಡರಿಂದಲೂ ಒಟ್ಟಿಗೇ ದಾಟುತ್ತದೆ.

ಮೊದಲು ಗ್ರಂಥಪಾಲಕಿ.

“ಕಪ್ಪುಕುಳಿ ಅಂದ್ರೆ, ಒಳಗೆ ಹೋದದ್ದು ಹೊರಗೆ ಬರಲ್ಲ ಮೇಡಂ.”

“ಗೊತ್ತು ಬಿಡಪ್ಪ. ನಿರ್ದೇಶಕರ ಮನೆ. ನಮ್ಮ ಹನ್ನೊಂದು ಪುಸ್ತಕ ಅಲ್ಲೇ ಇವೆ.” ಆಕೆ ‘ಪುಸ್ತಕ ವಾಪಸ್ ಬರಬೇಕು’ ಎಂದು ಬರೆದು ಸಹಿ ಹಾಕಿದಳು.

ಆಮೇಲೆ ಡ್ರೈವರಣ್ಣ. “ಒಂದೇ ಹೊತ್ತಿಗೆ ಎರಡು ಬಾಗಿಲಾ? ಓ, ನಮ್ಮ ಸೋದರಮಾವನ ಹಾಗೆ! ಎರಡು ಮದುವೆಮನೇಲೂ ಮೊದಲ ಪಂಕ್ತೀಲೇ ಕೂತಿರ್ತಾರೆ.” ಅದನ್ನೇ ಬರೆದ.

ಕಷ್ಟ ಶುರುವಾದದ್ದು ಎಲೆಕ್ಟ್ರಿಷಿಯನ್‌ನಿಂದ. ಅವನು ಅರ್ಧ ಕೇಳಿ, ದನಿ ತಗ್ಗಿಸಿ, “ಅದನ್ನ ಎಲ್ಲಿಟ್ಟಿದ್ದೀರಾ ಸಾರ್?” ಎಂದ.

“ಮೂರನೇ ಮಹಡೀಲಿ, ನನ್ನ ಮೇಜಿನ ಮೇಲೆ. ಅಂದ್ರೆ ಕಾಗದದಲ್ಲಿ, ಲೆಕ್ಕ...”

‘ಮೇಜಿನ ಮೇಲೆ’ ಎಂಬಲ್ಲಿಗೇ ಎಲೆಕ್ಟ್ರಿಷಿಯನ್ ಎದ್ದು ಓಡಿದ್ದ. ಮೂರನೇ ಮಹಡಿಯ ಕರೆಂಟು ತೆಗೆದು, ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಬಂದು ‘ಮೇನ್ ಆಫ್ ಮಾಡಿದ್ದೇನೆ, ಅಪಾಯವಿಲ್ಲ’ ಎಂದು ಬರೆದು ಸಹಿ ಹಾಕಿದ.

ಅಷ್ಟರಲ್ಲಿ ಹಗ್ಗದ ಕೆಳಗೆ ನುಸುಳಿಕೊಂಡು ಟೈಪಿಸ್ಟಮ್ಮ ಬಂದರು, ಮರಿ ಕಳಕೊಂಡ ಹೆಣ್ಣುಹುಲಿಯಂತೆ. “ಏನಪ್ಪಾ ಹಂಗಾಮಿ, ನಿನ್ನ ಕುಳಿ ನನ್ನ ನಲವತ್ತು ಪುಟ ನುಂಗ್ತಲ್ಲೋ! ಸೇವ್ ಮಾಡಿರಲಿಲ್ಲ!”

“ಅಮ್ಮಾ, ಅದು ಕುಳಿಯಲ್ಲ, ಕರೆಂಟು...”

“ಯಾವುದಾದ್ರೂ ಸರಿ. ಕರೆಂಟು ಹಾಕಿಸಿ, ನೀನೇ ಕೂತು ಟೈಪ್ ಹೊಡಿ. ಆಮೇಲೆ ಸಹಿ.”

ನಲವತ್ತು ಪುಟ ಮುಗಿದಾಗ ನಾಲ್ಕೂ ಮುಕ್ಕಾಲು. ‘ನುಂಗುತ್ತದೆ. ಕಣ್ಣಾರೆ ಕಂಡೆ’ ಎಂದು ಟೈಪಿಸ್ಟಮ್ಮ ಬರೆದರು.

ಇನ್ನು ಒಂದೇ ಸಹಿ. ಆದರೆ ಕಟ್ಟಡ ಆಗಲೇ ಖಾಲಿಯಾಗುತ್ತಿತ್ತು. ಪಡಸಾಲೆಯಲ್ಲಿ ನೆಲ ಒರೆಸುವ ದೊಡ್ಡಮ್ಮ ಒಬ್ಬರೇ ಇದ್ದರು.

“ದೊಡ್ಡಮ್ಮ, ಇಲ್ಲೊಂದು ಸಹಿ ಹಾಕಿಬಿಡಿ.”

“ತಿಳೀದೆ ಹಾಕೋಕೆ ನಾನೇನು ದೊಡ್ಡ ಸಾಹೇಬರಾ? ಹೇಳು, ಕೇಳ್ತೀನಿ.”

ನೆಲ ಒರೆಸುವ ಕೋಲಿಗೆ ಗದ್ದ ಊರಿ ಅವರು ಕೇಳಿದರು. ಆರು ವರ್ಷದಲ್ಲಿ ಹಂಗಾಮಿಯ ಮಾತನ್ನು ಕೊನೆತನಕ ಕೇಳಿದ ಮೊದಲ ಜೀವ ಅದು. ಅವನು ಮೈಮರೆತ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅಡಗಿಸಿಟ್ಟದ್ದನ್ನೂ ಹೇಳಿಬಿಟ್ಟ: “ಇಷ್ಟು ಚಿಕ್ಕ ಕುಳಿ ಸುಮ್ಮನಿರಲ್ಲ ದೊಡ್ಡಮ್ಮ. ಶಾಖ ಸೋರ್ತಾನೇ ಇರುತ್ತೆ.”

“ಎರಡು ಬಾಗಿಲು ದಾಟೋದು ಯಾವಾಗ ಅಂದೆ?”

“ಯಾವ ಬಾಗಿಲಿಂದ ಹೋಯ್ತು ಅನ್ನೋ ಗುಟ್ಟು ಎಲ್ಲೂ ರಟ್ಟಾಗದಿದ್ರೆ ಮಾತ್ರ. ರಟ್ಟಾದ್ರೆ ಒಂದೇ ಬಾಗಿಲು.”

ದೊಡ್ಡಮ್ಮ ಪಕ್ಕದ ಬಕೆಟ್ಟಿನ ಕಡೆ ನೋಡಿದರು. “ಮತ್ತೆ ಸೋರುತ್ತೆ ಅಂದ್ಯಲ್ಲೋ! ಸೋರೋ ಬಕೆಟ್ ಹಿಡ್ಕೊಂಡು ಹೋದವನು ಯಾವ ಬಾಗಿಲಿಂದ ಹೋದ ಅಂತ ನಾನು ಕಾದು ನೋಡಬೇಕಾ? ನೆಲಾನೇ ಹೇಳುತ್ತೆ.”

ಹಂಗಾಮಿ ಗಡಬಡಿಸಿ ಅಡಿಟಿಪ್ಪಣಿ ತೆಗೆದು ನೋಡಿದ: ಸೋರಿದ ಶಾಖವೇ ಬಾಗಿಲಿನ ಗುಟ್ಟನ್ನು ರಟ್ಟು ಮಾಡುತ್ತಿತ್ತು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ದುಂಡಗೆ ‘ಸೋರುವುದು ಗುಟ್ಟು ಕಾಯದು. ಒಂದೇ ಬಾಗಿಲು’ ಎಂದು ಬರೆದು ಸಹಿ ಹಾಕಿದರು.

ಗಂಟೆ ಐದಕ್ಕೆ ಎರಡೇ ನಿಮಿಷ. ಸಾಹೇಬರು ಸಹಿ ಎಣಿಸಿ ಸುಮ್ಮನಾಗಲಿ, ಸಾಲು ಓದದಿರಲಿ ಎಂದು ಹಾರೈಸುತ್ತ ಅವನು ಓಡಿದ.

ನಿರ್ದೇಶಕರು ಓದಿದರು. ಮೊದಲ ಸಾಲಿಗೆ ಕೆಮ್ಮಿದರು, ಮುಂದಿನ ಮೂರಕ್ಕೆ ನಕ್ಕರು. ಐದನೆಯದಕ್ಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಪ್ರಬಂಧ ಬಿತ್ತಲ್ಲಯ್ಯ.”

“ಬಿತ್ತು ಸಾರ್. ಆದ್ರೆ ಐದು ಸಹಿ ಇವೆಯಲ್ಲ?”

“ಇವೆ. ನಾಲ್ಕು ಜನಕ್ಕೆ ಏನೂ ಅರ್ಥವಾಗಿಲ್ಲ. ಅರ್ಥವಾದ ಒಬ್ಬರಿಗೆ ಅದು ತಪ್ಪು ಅನ್ನೋದು ಅರ್ಥವಾಗಿದೆ. ಇನ್ನೊಂದು ವರ್ಷ ಹೀಗೇ ಇರು, ತಿದ್ದಿ ಬರಿ. ನನ್ನ ಹತ್ರ ತರೋ ಮೊದಲು ಅವರಿಗೆ ತೋರಿಸು.”

ಹಂಗಾಮಿ ಕಾಲೆಳೆದುಕೊಂಡು ಹೊರಗೆ ಬಂದ. “ದೊಡ್ಡಮ್ಮ, ಇನ್ನು ನನ್ನ ಪ್ರಬಂಧ ಮೊದಲು ನೀವು ನೋಡ್ಬೇಕಂತೆ.”

“ನೋಡೋಣಂತೆ, ಅದಕ್ಕೇನು. ಈಗ ಅಲ್ಲೇ ನಿಲ್ಲು! ಒರೆಸಿದ ನೆಲ, ಒಣಗೋವರೆಗೆ ಕಾಲಿಡಬೇಡ.”

ಎತ್ತಿದ ಪಾದ ಎತ್ತಿದಂತೆಯೇ, ಹಂಗಾಮಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ.