ಶೆಡ್ಡಿನಿಂದ ಹೊರಬರಲಾರದ ಕಾರಿನ ಪರವಾಗಿ, ಉಡುಗೊರೆ ಅಂಗಡಿಯವರಿಗೆ

ಹಳೆಯ ಕಾರುಗಳ ಅಭಿಮಾನಿಗಳಿಗೆಂದೇ ಉಡುಗೊರೆಗಳನ್ನೂ ಅಲಂಕಾರದ ಸಾಮಾನುಗಳನ್ನೂ ಮಾರುವ ಅಂಗಡಿಯ ಮಾಲೀಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಅಂಗಡಿಯ ಗೋಡೆಯಲ್ಲಿ ಗಂಟೆಗೊಮ್ಮೆ ಹಾರನ್ ಹೊಡೆಯುವ ಆ ಗಡಿಯಾರವೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ನಮ್ಮ ಕಾರಂತೂ ತಮ್ಮ ದಯೆಯಿಂದ ಕದಲಲಾರದಷ್ಟು ಕ್ಷೇಮ. ತಮ್ಮ ಅಂಗಡಿಯ ಪರಮ ನಿಷ್ಠಾವಂತ ಗಿರಾಕಿಯ ಹೆಂಡತಿ ನಾನು. ಅವರು ಒಳಗೆ ಕಾಲಿಡುತ್ತಲೇ ತಾವು ಕುರ್ಚಿ ಎಳೆದು ಕೂರಿಸಿ, "ಬನ್ನಿ ಸಾರ್, ನಿಮಗೇ ಅಂತ ಎತ್ತಿಟ್ಟಿದ್ದೀನಿ" ಎನ್ನುತ್ತೀರಂತೆ. ಅಷ್ಟು ಮರ್ಯಾದೆ ಅವರಿಗೆ ಮನೆಯಲ್ಲಿ ಸಿಗುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಒಂದು ಸಣ್ಣ ವಿಷಯ ತಮ್ಮ ಗಮನಕ್ಕೆ ಬಂದಂತಿಲ್ಲ. ಕಾರು ನಮ್ಮ ಯಜಮಾನರದಲ್ಲ, ನಮ್ಮ ಅತ್ತೆಯದು. ಅವರು ಹೆರಿಗೆ ಮಾಡಿಸುವ ನರ್ಸ್ ಆಗಿದ್ದ ಕಾಲದಲ್ಲಿ, ಔಷಧದ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಹಗಲು ರಾತ್ರಿಯೆನ್ನದೆ ಓಡಿಸಿದ ಗಾಡಿ. ಆಗ ಅದರ ಮೈತುಂಬ ಕೆಸರಿತ್ತು, ಒಂದು ಬಾಗಿಲು ಒದ್ದರೆ ಮಾತ್ರ ತೆರೆಯುತ್ತಿತ್ತು, ಆದರೆ ಕರೆದಾಗ ಹೊರಡುತ್ತಿತ್ತು. ಮಗರಾಯರು ಅಭಿಮಾನಿಯಾದಂದಿನಿಂದ ಅದು ಪಳಪಳನೆ ಹೊಳೆಯುತ್ತಿದೆ, ಎಲ್ಲಿಗೂ ಹೋಗುತ್ತಿಲ್ಲ. ಹೆತ್ತ ತಾಯಿ ಬಾನೆಟ್ ಮುಟ್ಟಿದರೂ "ಅಮ್ಮಾ, ಬೆರಳಚ್ಚು ಬೀಳುತ್ತೆ!" ಎಂದು ತಮ್ಮ ಅಂಗಡಿಯ ಮೆತ್ತನೆಯ ಬಟ್ಟೆ ಹಿಡಿದು ಓಡಿಬರುತ್ತಾರೆ.

ತಮ್ಮ ಸರಕಿನ ಗುಣಮಟ್ಟವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕಾರು ಓಡಿಸಲೆಂದು ತಾವು ಕೊಟ್ಟ ಚರ್ಮದ ಕೈಗವಸು ತೊಟ್ಟು ನಮ್ಮವರು ದಿನವೂ ಸಿಟಿ ಬಸ್ಸಿನ ಕಂಬಿ ಹಿಡಿದು ಆಫೀಸಿಗೆ ಹೋಗುತ್ತಾರೆ. ಕಂಡಕ್ಟರ್ ಅವರನ್ನು ಪೈಲಟ್ ಸಾಹೇಬ್ರೇ ಎಂದೇ ಕರೆಯುತ್ತಾನೆ. ಎಂಜಿನ್ನಿನ ಪಿಸ್ಟನ್ನಿನಂತೆ ಮೈಸುತ್ತ ಕೊರಕಲಿರುವ ಲೋಟವನ್ನು ತೊಳೆದು ತೊಳೆದು ನನ್ನ ಉಗುರು ಸವೆದಿದೆ. ಹೆಡ್‌ಲೈಟಿನಿಂದ ಮಾಡಿದ ಮೇಜಿನ ದೀಪವನ್ನು ಹಚ್ಚಿದರೆ ಎದುರಿನಿಂದ ಲಾರಿ ಬಂದಂತಾಗಿ, ಓದುತ್ತಿದ್ದ ಪುಸ್ತಕ ಬಿಟ್ಟು ಪಕ್ಕಕ್ಕೆ ಸರಿಯುತ್ತೇನೆ. ಇಷ್ಟು ಸಾಲದೆಂದು ನಾದಿನಿ, ಭಾವ, ಆಫೀಸಿನ ಮಿತ್ರರು, ಯಾರಿಗೇ ಆಗಲಿ, ನಮ್ಮವರ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ತಲೆ ಕೆಡಿಸಿಕೊಳ್ಳುವ ಕಷ್ಟವೇ ಇಲ್ಲ. "ಕಾರಿನದ್ದೇನಾದ್ರೂ ಕೊಟ್ಟರಾಯ್ತು" ಎಂದು ನೇರ ತಮ್ಮಲ್ಲಿಗೇ ಬರುತ್ತಾರೆ. ಒಬ್ಬರಾದರೂ ಕಾರಿಗೆ ಒಂದು ಬ್ಯಾಟರಿ ಕೊಟ್ಟ ಪುಣ್ಯಾತ್ಮರಿಲ್ಲ.

ಈಗ ದೂರಿಗೆ ಬರುತ್ತೇನೆ. ಕಳೆದ ವಾರ ಕಣ್ಣಿನ ಡಾಕ್ಟರು ಅತ್ತೆಯ ಲೈಸೆನ್ಸ್ ಕಾಗದಕ್ಕೆ ಸಹಿ ಹಾಕುತ್ತಾ, "ಅಮ್ಮಾ, ಈಗೇನೋ ಕಣ್ಣು ಚೆನ್ನಾಗಿದೆ, ಆದ್ರೆ ಮುಂದಿನ ಸಲ ನನ್ನನ್ನ ಕೇಳಬೇಡಿ" ಎಂದರು. ಮನೆಗೆ ಬಂದ ಅತ್ತೆ ಚಪ್ಪಲಿ ಕೂಡ ಬಿಡದೆ ಮಗನಿಗೆ, "ಕಣ್ಣಿರೋವಾಗ್ಲೇ ಒಂದು ಸಲ ನನ್ನ ಗಾಡಿ ನಾನು ಓಡಿಸ್ಬೇಕು ಕಣೋ" ಎಂದರು. ಮೆಕ್ಯಾನಿಕ್ ಬಂದ. ಹೊಳಪಿಲ್ಲದ ಕಾರಣ ತಮ್ಮಲ್ಲಿ ಸಿಗದ ಬ್ಯಾಟರಿಯನ್ನೂ ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪನ್ನೂ ಹಾಕಿದ. ಗಾಡಿ ಕೆಮ್ಮಿತು, ನಡುಗಿತು, ಗುಡುಗಿತು! ಅತ್ತೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತೇಬಿಟ್ಟರು. ಆಗಲೇ ನಮಗೆಲ್ಲ ಹೊಳೆದದ್ದು, ಕಾರು ಹೊರಬರಲು ದಾರಿಯೇ ಇಲ್ಲವೆಂದು. ಉಡುಗೊರೆಗಳನ್ನು ಜೋಡಿಸಿಡಲು ತಾವೇ ಸಲಹೆ ಕೊಟ್ಟ ಗಾಜಿನ ಕಪಾಟನ್ನು ಯಜಮಾನರು ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ, ಗೋಡೆಯಿಂದ ಗೋಡೆಗೆ ಕಟ್ಟಿಸಿದ್ದರು. ನಾವೆಲ್ಲ ಓಡಾಡುವುದು ಅಡುಗೆಮನೆಯ ಪಕ್ಕದ ಚಿಕ್ಕ ಬಾಗಿಲಿನಲ್ಲಿ, ಅದರಲ್ಲಿ ಕಾರು ತೂರುವುದಿಲ್ಲ.

ಕಪಾಟು ತೆಗೆಸೋಣವೆಂದರೆ, "ಅಯ್ಯೋ, ಕಲೆಕ್ಷನ್ ಅದು!" ಎಂದು ಎದೆ ಹಿಡಿದುಕೊಂಡರು. ಸಂಜೆ ತಾಯಿಗೆ ಸಮಾಧಾನವಾಗಲೆಂದು ತಮ್ಮ ಅಂಗಡಿಯಿಂದಲೇ ಒಂದು ಉಡುಗೊರೆ ತಂದರು: ಒತ್ತಿದರೆ ಪೀಂ ಎನ್ನುವ ಅಂಗೈಯಗಲದ ಆಟಿಕೆ ಕಾರು. ಅತ್ತೆ ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆಯಪ್ಪಾ" ಎಂದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಾನ್ಯರೇ, ನನಗೆ ಅಳು ಬಂತು. ಆಮೇಲೆ ಪಿತ್ತ ನೆತ್ತಿಗೇರಿತು.

ಆದ್ದರಿಂದ ತಮ್ಮಂಥ ಪ್ರತಿಭಾವಂತರು, ಸವರಿದೊಡನೆ ಕಾರು ಕಪಾಟಿನ ಮೇಲಿಂದ ಹಾರಿ ಬೀದಿಗಿಳಿಯುವಂಥ ಒಂದು ಪಾಲಿಶ್ ಹಾಗೂ ಹಾಕಿಕೊಂಡರೆ ಕಾರಿನ ಆಚೆ ನಿಂತಿರುವ ತಾಯಿಯೂ ಕಾಣಿಸುವಂಥ ಒಂದು ಗಾಗಲ್ಸ್ ತಯಾರಿಸಿ, ಚೆಂದದ ಡಬ್ಬಿಯಲ್ಲಿ ರಿಬ್ಬನ್ ಕಟ್ಟಿ ಕಳುಹಿಸಬೇಕಾಗಿ ಸವಿನಯ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಕಾರಿರುವ ಮನೆಯ ಬಸ್ ಪ್ರಯಾಣಿಕೆ

ತಾಜಾ ಕಲಂ: ಮೇಲಿನ ಸಾಮಾನುಗಳನ್ನು ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ. ಇವತ್ತು ಯಜಮಾನರು ಬಸ್ಸು ಹತ್ತಿದ ಮೇಲೆ ಬಡಗಿಯನ್ನು ಕರೆಸಿ ಕಪಾಟು ಬಿಚ್ಚಿಸಿದೆ. ತಮ್ಮ ಸರಕೆಲ್ಲ ಹಿಂದಿನ ಸೀಟಿನಲ್ಲಿದೆ, ಔಷಧದ ಚೀಲವಿರುತ್ತಿದ್ದ ಜಾಗದಲ್ಲಿ ನಾನಿದ್ದೇನೆ. ಅಕ್ಷರ ನಡುಗಿರುವುದು ಎಂಜಿನ್ನಿನಿಂದ, ಭಯದಿಂದಲ್ಲ. ಅತ್ತೆ ಬರಿಗೈಯಲ್ಲೇ ಸ್ಟಿಯರಿಂಗ್ ಹಿಡಿದಿದ್ದಾರೆ. ಎಲ್ಲವನ್ನೂ ವಾಪಸು ಕೊಡಲು ತಮ್ಮಲ್ಲಿಗೇ ಬರುತ್ತಿದ್ದೇವೆ, ಈ ಕಾಗದವನ್ನು ಬಡಗಿಯ ಕೈಯಲ್ಲಿ ಮುಂದಾಗಿ ಕಳುಹಿಸುತ್ತಿದ್ದೇನೆ, ಅಂಗಡಿಯ ಮುಂದೆ ಜಾಗ ಬಿಡಿಸಿಡಿ. ಸ್ವಲ್ಪ ತಡವಾದೀತು, ಏಕೆಂದರೆ ಮಗ ಮನೆಗೆ ಮರಳುವ ಸಂಜೆಯ ಬಸ್ಸನ್ನು ಮೊದಲು ಹಿಂದೆ ಹಾಕಬೇಕೆಂದು ಅತ್ತೆಯ ಹಠ. "ಹಾರನ್ ಮಾತ್ರ ನಾನೇ ಹೊಡೀತೀನಿ" ಎಂದು ಈಗಲೇ ಹೇಳಿಟ್ಟಿದ್ದಾರೆ.