ಪುಟ ತಿರುಗಿಸದೆ ಅತ್ತ ಕಥೆ

ಕಾದಂಬರಿ ಓದಿ ಅಳುವವರ ವಿಚಾರದಲ್ಲಿ ನನ್ನ ನಿಲುವು ಬಹಳ ಸ್ಪಷ್ಟವಾಗಿತ್ತು. ಅಳುವುದಕ್ಕೆ ಮನೆಯಲ್ಲೇ ಬೇಕಾದಷ್ಟು ಮನುಷ್ಯರಿರುವಾಗ ಪುಸ್ತಕದೊಳಗಿನವರಿಗಾಗಿ ಯಾಕೆ ಅಳಬೇಕು? ಈ ಗಟ್ಟಿತನಕ್ಕೆ ಕಾರಣ ನನ್ನ ಅಮ್ಮ. ಉಡುಪಿಯಲ್ಲಿ ಅವಳು ವಾರಪತ್ರಿಕೆಯ ಧಾರಾವಾಹಿ ಹಿಡಿದು ಕೂತರೆ ಗಂಜಿ ಉಕ್ಕಿ ಒಲೆ ಆರಿದರೂ ಏಳುತ್ತಿರಲಿಲ್ಲ. ನಾಯಕಿಗೆ ಅತ್ತೆಯ ಕಾಟ ಶುರುವಾದ ವಾರ, "ಆ ಹೆಣ್ಣಿಗೆ ಕೇಳುವವ ಒಬ್ಬ ಸೋದರಮಾವನಾದ್ರೂ ಇಲ್ವಾ?" ಎಂದು ನಮ್ಮ ಸೋದರಮಾವನನ್ನೇ ತರಾಟೆಗೆ ತೆಗೆದುಕೊಂಡಿದ್ದಳು. ಪಾಪ, ಅವರು ಹಲಸಿನಹಣ್ಣು ಕೊಟ್ಟು ಹೋಗಲು ಬಂದವರು. ಅಂಥ ಮನೆಯಲ್ಲಿ ಬೆಳೆದವನ ಎದೆ ಕಲ್ಲಾಗದೆ ಇನ್ನೇನಾಗುತ್ತದೆ? ಸಾಲದ್ದಕ್ಕೆ ನಾನು ಮುಂಬಯಿ ಪಕ್ಕದ ಠಾಣೆಯಲ್ಲಿ, ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮಾಲು ರವಾನೆ ನೋಡಿಕೊಳ್ಳುವವನು. ಲಾರಿ ಡ್ರೈವರುಗಳು ತಡವಾಗಿ ಬಂದು ಹೇಳುವ ಕರುಣಾಜನಕ ಕಥೆಗಳನ್ನು ವರ್ಷಗಟ್ಟಲೆ ಒಣಕಣ್ಣಿನಿಂದ ಕೇಳಿದ್ದೇನೆ.

ಹೀಗಿರುವಾಗ ಒಂದು ಭಾನುವಾರ, ಡೊಂಬಿವಲಿಯ ನಮ್ಮ ಮನೆಯ ಒಳಕೋಣೆಯಲ್ಲಿ ಮಗಳು ಶ್ರಾವ್ಯಾ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಹದಿನಾರರ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು, ಅದೂ ಉತ್ತರ ಕೊಡುವ ಮನಸ್ಸಿದ್ದರೆ. ನಾನೂ ನನ್ನ ಹೆಂಡತಿ ಜಯಂತಿಯೂ ಮುಖ ಮುಖ ನೋಡಿಕೊಂಡೆವು. ಪರೀಕ್ಷೆಯ ವಿಷಯವೋ, ಯಾವನಾದರೂ ಹುಡುಗನ ವಿಷಯವೋ? ಬಾಗಿಲು ತಳ್ಳಿ ನೋಡಿದರೆ ದಪ್ಪದೊಂದು ಇಂಗ್ಲಿಷ್ ಕಾದಂಬರಿಯನ್ನು ಎದೆಗವಚಿಕೊಂಡು ಕೂತಿದ್ದಾಳೆ!

"ಇಷ್ಟಕ್ಕಾ ಅಳುದು? ಕಥೆ ಅಲ್ವಾ ಮಗಾ ಅದು!" ಎಂದೆ.

"ಆಪ್ ನಹೀ ಸಮ್ಝೋಗೆ, ಪಪ್ಪಾ," ಎಂದು ಗೋಡೆಯ ಕಡೆ ತಿರುಗಿದಳು.

ನನಗೆ ಅರ್ಥವಾಗುವುದಿಲ್ಲವೆಂದರೇನು? ಮರುದಿನವೇ ಪುಸ್ತಕವನ್ನು ಕೇಳಿ ಪಡೆದೆ. ಪುಟದ ಮೂಲೆ ಮಡಚಬಾರದು, ಟಿಫಿನ್ ಡಬ್ಬಿಯ ಪಕ್ಕ ಇಡಬಾರದು ಎಂಬ ಷರತ್ತುಗಳೊಂದಿಗೆ ಕೊಟ್ಟಳು.

ಅದು ಕಡಲತೀರದ ಒಂದೂರಿನ ಕಥೆ. ಶ್ರಾವ್ಯಾಳ ವಯಸ್ಸಿನದೇ ಹುಡುಗಿ, ದೋಣಿ ಕಟ್ಟುವ ಅಪ್ಪ. ಅಪ್ಪ ಒಳ್ಳೆಯವನೇ, ಆದರೆ ಮಗಳು ಏನು ಹೇಳಹೊರಟರೂ ಅವಳ ವಾಕ್ಯ ಮುಗಿಯುವ ಮೊದಲೇ ಬುದ್ಧಿ ಹೇಳಲು ಶುರುಮಾಡುವವನು. ಓದುತ್ತಾ ಓದುತ್ತಾ ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಒಂದು ದಿನ ಹುಡುಗಿ "ನೀನು ನನ್ನ ಮಾತು ಕೇಳುವುದೇ ಇಲ್ಲ" ಎಂದು ಕಿರುಚಿ, ಕಾಣೆಯಾದ ತಮ್ಮನನ್ನು ಹುಡುಕಲು ಬಿರುಗಾಳಿಯಲ್ಲಿ ಒಬ್ಬಳೇ ದೋಣಿ ಇಳಿಸುತ್ತಾಳೆ. ದೋಣಿ ಮಗುಚುತ್ತದೆ. ಅಪ್ಪ ಅವಳನ್ನು ದಡಕ್ಕೆ ಎಳೆದು ತರುತ್ತಾನೆ. ಕೈ ಹಿಡಿದರೆ ಕೈ ತಣ್ಣಗಿದೆ. ಅಧ್ಯಾಯ ಮುಗಿಯಿತು.

ನಾನಾಗ ಸಂಜೆಯ ಲೋಕಲ್‌ನಲ್ಲಿ ನಿಂತಿದ್ದೆ. ಗಾಡಿ ಮುಂಬ್ರಾ ದಾಟಿತ್ತು. ಪುಸ್ತಕ ಮುಚ್ಚಿದವನಿಗೆ ಕಣ್ಣೀರು ಧಾರಾಕಾರ. ದಿನವೂ ಅದೇ ಡಬ್ಬಿಯಲ್ಲಿ ಇಸ್ಪೀಟು ಆಡುವ ಗುಂಪಿನ ಯಜಮಾನ ಸಾವಂತರು ತಲೆಯೆತ್ತಿ, "ಕಾಯ್ ಝಾಲಂ, ರಾವ್ ಸಾಹೇಬ್?" ಎಂದು ಗಾಬರಿಯಿಂದ ಕೇಳಿದರು. ಬಿಕ್ಕುತ್ತಿದ್ದವನ ಬಾಯಿಂದ "ಪೋರ್ಗೀ ಗೇಲೀ," ಎಂದಷ್ಟೇ ಹೊರಟಿತು. ಹುಡುಗಿ ಹೋಗಿಬಿಟ್ಟಳು. ಮರಾಠಿಯಲ್ಲಿ ಮಗಳಿಗೂ ಪೋರ್ಗೀ ಎಂದೇ ಹೇಳುತ್ತಾರೆ.

ಇಸ್ಪೀಟು ನಿಂತಿತು. ಯಾರೋ ನೀರಿನ ಬಾಟಲಿ ಚಾಚಿದರು. ಸಾವಂತರು ಎದ್ದು ತಮ್ಮ ಕಿಟಕಿಯ ಸೀಟಿನಲ್ಲಿ ನನ್ನನ್ನು ಕೂರಿಸಿ ಬೆನ್ನು ಸವರತೊಡಗಿದರು. ಇದು ಪುಸ್ತಕದ ಹುಡುಗಿ ಎಂದು ಆಗಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಸಂಜೆಯ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕವನಿಗೆ ಸತ್ಯ ಹೇಳಲು ಸ್ವಲ್ಪ ಸಮಯ ಬೇಕಾಗುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಡೊಂಬಿವಲಿ ಬಂತು.

ಬಾಗಿಲು ತೆರೆದವಳು ಶ್ರಾವ್ಯಾ. ಅವಳ ಕೈ ಹಿಡಿದು ನೋಡಿದೆ. ಬಿಸಿಯಾಗಿತ್ತು. ನನ್ನ ಕಣ್ಣು ಮತ್ತೆ ತುಂಬಿತು.

"ಕ್ಯಾ ಹುವಾ, ಪಪ್ಪಾ?"

"ನೀನು ಅತ್ತದ್ದು ಸರಿ ಮಗಾ. ಆ ಹುಡುಗಿ ಸಾಯಬಾರದಿತ್ತು."

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನಗು ತಡೆಯಲಾರದೆ ಸೋಫಾದ ಮೇಲೆ ಉರುಳಿದಳು. "ವೋ ಮರ್ತೀ ಹೀ ನಹೀ! ಪನ್ನಾ ತೋ ಪಲಟೋ, ಪಪ್ಪಾ!" ಹುಡುಗಿ ಸಾಯುವುದೇ ಇಲ್ಲವಂತೆ!

ಅಡುಗೆಮನೆಯಿಂದ ಬಂದ ಜಯಂತಿ ವಿಷಯ ತಿಳಿದು, "ಎಂತ ಮಾರಾಯ್ರೆ ನೀವು, ಒಂದು ಪುಟ ತಿರುಗಿಸ್ಲಿಕ್ಕೆ ಏನಾಗಿತ್ತು?" ಎಂದು ಹಣೆ ಚಚ್ಚಿಕೊಂಡಳು. ಶ್ರಾವ್ಯಾ ನನ್ನ ಪಕ್ಕ ಕೂತು, ತನ್ನನ್ನು ಅಳಿಸಿದ್ದ ಆ ಮುಂದಿನ ಪುಟ ತೆರೆದಳು. ಅಮ್ಮನಿಗೂ ತಿಳಿಯಲೆಂದು ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು: "ಅವಳು ಕಣ್ಣು ಓಪನ್ ಮಾಡ್ತಾಳೆ. ಅವಳ ಪಪ್ಪ ಹೇಳ್ತಾರೆ, ಈಗ ನೀನು ಹೇಳು, ನಾನು ಕೇಳ್ತೇನೆ." ಆ ಸಂಜೆ ಅವಳು ಆ ಅಪ್ಪ-ಮಗಳ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ನಡುವೆ ಬಾಯಿ ಹಾಕಬೇಕೆಂದು ನಾಲಗೆ ಎಷ್ಟೋ ಸಲ ತುರಿಸಿದರೂ ನಾನು ಹಾಕಲಿಲ್ಲ.

ಮರುದಿನ ಲೋಕಲ್‌ನಲ್ಲಿ ಕಿಟಕಿಯ ಸೀಟು ನನಗಾಗಿ ಖಾಲಿಯಿತ್ತು. ಯಾರೂ ಇಸ್ಪೀಟು ತೆಗೆದಿರಲಿಲ್ಲ. ಇನ್ನು ಸುಳ್ಳು ಸಾಕೆಂದು ಧೈರ್ಯ ಮಾಡಿ, ನನಗೆ ತಿಳಿದಷ್ಟು ಮರಾಠಿಯಲ್ಲಿ, ಆ ಹುಡುಗಿ ಎಂದರೆ ನಾನೊಂದು ಕಾದಂಬರಿ ಓದಿದೆ ಎಂದು ಹೇಳಹೊರಟೆ: "ಪೋರ್ಗೀ ಮ್ಹಣಜೇ, ಮೀ ಕಾದಂಬರೀ ವಾಚ್ಲೀ." ಸರಿಯಾಗಿ ನಡುವೆ ಎದುರುಗಾಡಿ ಕೂಗುತ್ತಾ ಹಾಯಿತು. ಅವರಿಗೆ ಕೇಳಿಸಿದ್ದು "ಪೋರ್ಗೀ" ಮತ್ತು "ವಾಚ್ಲೀ" ಮಾತ್ರ. ಮರಾಠಿಯಲ್ಲಿ 'ವಾಚ್ಲೀ' ಎಂದರೆ 'ಓದಿದೆ' ಎಂದೂ ಆಗುತ್ತದೆ, 'ಬದುಕಿಕೊಂಡಳು' ಎಂದೂ ಆಗುತ್ತದೆ.

"ಪೋರ್ಗೀ ವಾಚ್ಲೀ!" ಎಂದು ಸಾವಂತರು ಎದ್ದು ನಿಂತು ಕೂಗಿದರು. ಇಡೀ ಡಬ್ಬಿ ಚಪ್ಪಾಳೆ ತಟ್ಟಿತು. ಗಣಪತಿಗೆ ಜೈಕಾರವಾಯಿತು. ಪೇಢೆ ಬೇಕೇ ಬೇಕೆಂದು ಎಲ್ಲರೂ ಹಟ ಹಿಡಿದರು. ಅಷ್ಟು ಸಂತೋಷದ ಮುಂದೆ ನಿಂತು ತಿದ್ದುಪಡಿ ಮಾಡುವ ಕಟುಕತನ ನನ್ನಿಂದಾಗಲಿಲ್ಲ. ಮರುದಿನ ಗಾಡಿ ಹತ್ತುವ ಮೊದಲು ಠಾಣೆ ಸ್ಟೇಷನ್ನಿನ ಹೊರಗೆ ಪೇಢೆ ಕೊಂಡು ಹಂಚಿದೆ.

ಈಗ ಪ್ರತಿದಿನ ಸಂಜೆ ಸಾವಂತರು ಅವಳ ಆರೋಗ್ಯ ವಿಚಾರಿಸುತ್ತಾರೆ. ವರದಿ ಒಪ್ಪಿಸುವುದಕ್ಕಾಗಿಯೇ ನಾನು ಕಾದಂಬರಿಯನ್ನು ಮುಗಿಸಿ, ಮಗಳಿಗೆ ದುಂಬಾಲುಬಿದ್ದು ಎರಡನೇ ಭಾಗವನ್ನೂ ತರಿಸಿ ಓದುತ್ತಿದ್ದೇನೆ. ಹುಡುಗಿ ಎದ್ದು ಓಡಾಡುತ್ತಿದ್ದಾಳೆ, ಶಾಲೆಗೂ ಹೋಗುತ್ತಿದ್ದಾಳೆ ಎಂದು ತಿಳಿಸಿ ಎಲ್ಲರನ್ನೂ ಸಮಾಧಾನಪಡಿಸಿದ್ದೇನೆ. ಆದರೆ ಮೊನ್ನೆಯ ಅಧ್ಯಾಯದಲ್ಲಿ ಅವಳು ಒಬ್ಬ ಹುಡುಗನನ್ನು ಪ್ರೀತಿಸತೊಡಗಿದ್ದಾಳೆ. ಸಾವಂತರಿಗೆ ಇನ್ನೂ ಹೇಳಿಲ್ಲ.