ಎಡಗೆನ್ನೆ ಮುಟ್ಟಬೇಡಿ

ನೋವಿರೋ ಮನೆಯಲ್ಲಿ ನಗುವಂಥದ್ದು ಯಾಕೆ ಇಷ್ಟೊಂದು ನಡೆಯುತ್ತೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಂತೂ ನಡೀತಾನೇ ಇತ್ತು.

ನಾನು ಜಾಸ್ತಿ ಓದಿದವನಲ್ಲ. ಹೆಬ್ಬಾಳದಲ್ಲಿ ಆಟೋಗಳಿಗೆ ಸೀಟು, ಟಾಪು ಹೊಲಿಯೋನು. ಮನೆ ಅಮೃತಹಳ್ಳಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. ಅವಳಿಗೆ ಎಡಗೆನ್ನೆಯಲ್ಲಿ ಒಂದು ನೋವಿತ್ತು. ಗಾಳಿ ಸೋಕಿದರೆ ಸಾಕು, ನೀರು ತಾಕಿದರೆ ಸಾಕು, ಒಂದು ತುತ್ತು ಅಗಿದರೆ ಸಾಕು, ಕರೆಂಟು ಹೊಡೆದ ಹಾಗೆ ಬರುತ್ತಿತ್ತು. ಒಂದು ಗಳಿಗೆ. ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಆ ಕೆನ್ನೆಗೆ ಏನೂ ತಾಕದ ಹಾಗೆ ಕಾಯೋದು ನನ್ನ ಎರಡನೇ ಕೆಲಸ.

ಹೋದ ವರ್ಷ ಅವಳು ತೀರಿಕೊಂಡಳು. ಆ ನೋವಿನಿಂದ ಅಲ್ಲ, ಹೃದಯದಿಂದ. ಈಗ ಒಂದೇ ಕೆಲಸ ಉಳಿದಿದೆ. ಸಂಜೆ ಖಾಲಿ. ಅದಕ್ಕೆ ಬರೀತಿದೀನಿ. ಇದರಲ್ಲಿ ಬರೋರೆಲ್ಲ ನಮಗೆ ಉಪಕಾರ ಮಾಡಿದೋರು. ಹೆಸರು ಹಾಕಿಲ್ಲ. ಅವರಿಗೆ ಗೊತ್ತಾಗುತ್ತೆ.

ಹಲ್ಲು

ಶುರುವಿನಲ್ಲಿ ಹಲ್ಲುನೋವು ಅಂದುಕೊಂಡೆವು. ಬಹಳ ಜನ ಹಾಗೇ ಅಂದುಕೊಳ್ಳುತ್ತಾರಂತೆ. ಹಲ್ಲಿನ ಡಾಕ್ಟರು, "ಹಲ್ಲು ಚೆನ್ನಾಗಿದೆಯಲ್ಲಮ್ಮ" ಅಂದರು. ಇವಳು ಬಿಡಲಿಲ್ಲ. "ನೋವು ನನಗೆ ತಾನೆ? ಕೀಳಿ" ಅಂತ ಹಟ ಹಿಡಿದಳು. ಕಿತ್ತರು. ಆ ಹಲ್ಲನ್ನ ಕೇಳಿ ಇಸ್ಕೊಂಡು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟಳು. ಅದ್ಯಾಕೆ ಅಂದೆ. "ನಮ್ಮದಲ್ವಾ?" ಅಂದಳು.

ನೋವು ಹೋಗಲಿಲ್ಲ. ಹಾಗಾದರೆ ಅದರ ಪಕ್ಕದ ಹಲ್ಲು ಇರಬೇಕು ಅಂತ ತೀರ್ಮಾನ ಮಾಡಿದಳು. ಆರ್.ಟಿ. ನಗರದಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಬಾಯೊಳಗೆ ನೋಡಿದರು. ಆಮೇಲೆ ಒಂದು ಹತ್ತಿಯ ಎಳೆ ತಗೊಂಡು ಕೆನ್ನೆ ಮೇಲೆ ಮೆಲ್ಲಗೆ ಸವರಿದರು. ಇವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟಳು.

"ಇದು ಹಲ್ಲಲ್ಲಮ್ಮ. ಮುಖದ ನರ. ಇನ್ನೊಂದು ಹಲ್ಲು ಕೀಳಿಸಬೇಡಿ. ನರದ ಡಾಕ್ಟರ ಹತ್ತಿರ ಹೋಗಿ."

ಇವಳು ಪರ್ಸ್ ತೆಗೆದಳು. "ಫೀಸು ಹೊರಗಡೆ ಕೊಡಿಯಮ್ಮ" ಅಂದರು ಡಾಕ್ಟರು. ಇವಳು ಕಾಗದ ಬಿಚ್ಚಿ ಹಲ್ಲನ್ನ ಅವರ ಮೇಜಿನ ಮೇಲೆ ಇಟ್ಟಳು.

"ಹಂಗಾದ್ರೆ ಇದನ್ನ ವಾಪಸ್ ಕೂರಿಸಿ."

ಕುಶನ್

ಆರ್.ಟಿ. ನಗರದ ಆ ಡಾಕ್ಟರಿಗೆ ಇವತ್ತಿಗೂ ಮನಸ್ಸಲ್ಲೇ ಕೈ ಮುಗೀತೀನಿ. ಇವಳು ಕೇಳಿದಳು ಅಂತ ಇನ್ನೊಂದು ಹಲ್ಲು ಕೀಳದೆ ಕಳಿಸಿದರು.

ನರದ ಡಾಕ್ಟರು ವಯಸ್ಸಾದ ಹೆಂಗಸು. ಅವಸರ ಇಲ್ಲ. ಚೀಟಿಯ ಹಿಂದೆ ಮುಖದ ಚಿತ್ರ ಬರೆದರು. ಕಿವಿಯ ಹತ್ತಿರದಿಂದ ಮೂರು ಗೆರೆ ಎಳೆದರು. ಹಣೆಗೊಂದು, ಕೆನ್ನೆಗೊಂದು, ದವಡೆಗೊಂದು.

"ಟ್ರೈಜೆಮಿನಲ್ ಅಂತ ಇದರ ಹೆಸರು. ಮುಖಕ್ಕೆ ಏನೇ ತಾಕಿದ್ರೂ ಮೆದುಳಿಗೆ ಸುದ್ದಿ ಮುಟ್ಟಿಸೋದು ಇದೇ. ನಿಮಗೆ ತಲೆಯೊಳಗೆ ಒಂದು ರಕ್ತನಾಳ ಇದರ ಮೇಲೆ ಒತ್ತಿಕೊಂಡಿದೆ. ಒತ್ತಿ ಒತ್ತಿ ನರದ ಹೊದಿಕೆ ಸವೆದಿದೆ. ಅದಕ್ಕೆ ಗಾಳಿ ಸೋಕಿದ್ರೂ ಬೆಂಕಿ ಬಿತ್ತು ಅಂತ ಸುದ್ದಿ ಹೋಗುತ್ತೆ."

ನನಗೆ ಆಟೋ ಹಾರ್ನ್ ನೆನಪಾಯಿತು. ವೈರು ಸವೆದರೆ ಹ್ಯಾಂಡಲ್ ತಿರುಗಿಸಿದಾಗೆಲ್ಲ ತಾನೇ ಕೂಗಿಕೊಳ್ಳುತ್ತೆ. ಹೇಳಿದೆ. "ಹೆಚ್ಚುಕಮ್ಮಿ ಹಂಗೇ" ಅಂದರು ಡಾಕ್ಟರು. ಆಮೇಲೆ ಹೇಳಿದರು. ನಾಳಕ್ಕೂ ನರಕ್ಕೂ ನಡುವೆ ಒಂದು ಚಿಕ್ಕ ಪ್ಯಾಡ್ ಇಡೋ ಆಪರೇಷನ್ ಇದೆ. ಆದರೆ ಇವರ ಹೃದಯ ವೀಕು, ಅದನ್ನ ತಡ್ಕೊಳ್ಳಲ್ಲ. ಮಾತ್ರೆಯಲ್ಲೇ ನೋಡೋಣ.

ನನ್ನ ಮುಖ ಬಾಡಿತು. ಇವಳು ತುಟಿಯ ಬಲಗಡೆ ಮಾತ್ರ ತೆರೆದು ಹೇಳಿದಳು.

"ಪ್ಯಾಡಿಗೇನು ತೊಂದ್ರೆ ಇಲ್ಲ ಮೇಡಂ. ಇವರೇ ಕೊಡ್ತಾರೆ. ಡಬಲ್ ಹೊಲಿಗೆ ಹಾಕಿ."

ಸೌಟು

ಮಾತ್ರೆ ಕೆಲಸ ಮಾಡಿತು. ತಲೆ ತಿರುಗುತ್ತಿತ್ತು, ಕೂತಲ್ಲೇ ನಿದ್ದೆ ಬರುತ್ತಿತ್ತು. ಆದರೂ ತಿಂಗಳುಗಟ್ಟಲೆ ಚೆನ್ನಾಗಿರುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೆ ನೋವು ಹೊಡೆಯೋದು. ಹೊಡೆದರೆ ಕೆಲವು ದಿನ ಮಾತು ಬಂದ್.

ಪಕ್ಕದ ಮನೆಯವರು ಉರ್ದು ಮಾತಾಡೋರು. ಆ ಮನೆ ಹೆಂಗಸನ್ನ ನಾವಿಬ್ಬರೂ ಆಪಾ, ಅಂದರೆ ಅಕ್ಕ, ಅಂತಲೇ ಕರೆಯೋದು. ಮೊದಲ ಸಲ ಮಾತು ನಿಂತಾಗ ಆಪಾ ನನ್ನನ್ನ ಗೇಟಿನ ಹತ್ತಿರ ಹಿಡಿದುಕೊಂಡರು.

"ಕ್ಯಾ ಅಣ್ಣ, ಅಕ್ಕಂಗೆ ಏನ್ ಅಂದ್ರಿ? ನಿಮ್ಮನೇಲಿ ಮಾತೇ ಇಲ್ಲ."

"ಕೆನ್ನೆ ನೋವು ಆಪಾ."

"ಝೂಟ್ ನಕ್ಕೋ ಬೋಲೋ, ಸುಳ್ಳು ಹೇಳ್ಬೇಡಿ. ಗಂಡಸ್ರೆಲ್ಲ ಇದೇ ಹೇಳೋದು."

ನನ್ನನ್ನ ಹೊರಗೇ ನಿಲ್ಲಿಸಿ ಒಳಗೆ ಹೋದರು. ಹೊರಗೆ ಬಂದಾಗ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವತ್ತಿಂದ ಅಗಿಯೋ ಹಾಗಿಲ್ಲದ ದಿನಗಳಲ್ಲಿ ಆ ಮನೆಯಿಂದ ಗಂಜಿ ಬರೋದು. ರಂಜಾನ್ ಇರಲಿ ಇಲ್ಲದಿರಲಿ. ಆ ಋಣ ನಾನು ತೀರಿಸೋಕಾಗಲ್ಲ.

ಮಾತಿಗೆ ಬದಲು ಇವಳು ಸೌಟು ಹಿಡಿದಳು. ಪಾತ್ರೆ ಅಂಚಿಗೆ ಒಂದು ಸಲ ಬಡಿದರೆ ಊಟಕ್ಕೆ ಬನ್ನಿ. ಎರಡು ಸಲ ಬಡಿದರೆ ಮಾತ್ರೆ ಕೊಡಿ. ಮೂರು ಸಲಕ್ಕೆ ಏನು ಅಂತ ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. ಕೊತ್ತಂಬರಿ ಬದಲು ಪುದೀನ ತಂದೆ, ಮೂರು. ಗೇಟು ಹಾಕದೆ ಬಂದೆ, ಮೂರು. ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದೆ, ಮೂರು. 'ಪರವಾಗಿಲ್ಲ ಬಿಡಿ' ಅಂತ ಇರಬೇಕು ಅಂದುಕೊಂಡಿದ್ದೆ. ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಕೊನೆಗೆ ಆಪಾನ ಕೇಳಿದೆ.

"ಅಯ್ಯೋ, ನಿಮ್ಗೆ ಗೊತ್ತಿಲ್ವಾ ಅಣ್ಣ? ಮೂರು ಅಂದ್ರೆ ಪೆದ್ದ. ನಮ್ಮ ಮೊಮ್ಮಕ್ಕಳಿಗೂ ಗೊತ್ತು."

ಟಾಪು

ಆಸ್ಪತ್ರೆಗೆ ಹೋಗಬೇಕು ಅಂದರೆ ಹೆಬ್ಬಾಳ ಫ್ಲೈಓವರ್ ಹತ್ತಬೇಕು. ಮೇಲೆ ಗಾಳಿ. ಸೆರಗು ಹೊದ್ದುಕೊಂಡರೆ ಸೆರಗೇ ಕೆನ್ನೆಗೆ ತಾಕುತ್ತೆ. ನಾನು ಯೋಚನೆ ಮಾಡಿ, ಮಿಕ್ಕಿದ ರೆಕ್ಸಿನ್ ತಗೊಂಡು, ಒಳಗೆ ತಂತಿ ಬಗ್ಗಿಸಿ, ಆಟೋ ಟಾಪಿನ ಹಾಗೇ ಚಿಕ್ಕದೊಂದು ಹೊಲಿದೆ. ತಲೆಗೆ ಕಟ್ಟಿಕೊಂಡರೆ ಎಡಗಡೆ ಪೂರ್ತಿ ಮುಚ್ಚುತ್ತೆ, ಚರ್ಮಕ್ಕೆ ತಾಕಲ್ಲ. ಕಪ್ಪು ಬಣ್ಣ, ಅಂಚಿಗೆ ಹಳದಿ ಪೈಪಿಂಗ್. ಇವಳು ಕನ್ನಡಿ ನೋಡಿದಳು. "ಮೀಟರ್ ಒಂದು ಬಾಕಿ" ಅಂದಳು. ಆದರೂ ಹಾಕಿಕೊಂಡಳು.

ಸಿಗ್ನಲ್‌ನಲ್ಲಿ ನಾವು ಕೂತಿದ್ದ ಆಟೋ ಪಕ್ಕ ಇನ್ನೊಂದು ಆಟೋ ನಿಂತಿತು. ಅದರ ಡ್ರೈವರು ಇವಳನ್ನೇ ನೋಡುತ್ತಾ ಇದ್ದ. ಇವಳಿಗೆ ಮುಜುಗರ ಆಗುತ್ತೆ ಅಂತ ನಾನು ಅಡ್ಡ ಬಗ್ಗಿದೆ. ಅವನು ಕತ್ತು ಹೊರಗೆ ಹಾಕಿದ.

"ಯಜಮಾನ್ರೇ, ಹೊಲಿಗೆ ಸೂಪರ್ ಆಗಿದೆ. ಯಾವ ಅಂಗಡಿ?"

ಇವಳು ನನ್ನ ಕಡೆ ಬೆರಳು ತೋರಿಸಿದಳು. ಅದೇ ವಾರ ಗಾಡಿ ಸಮೇತ ಅಂಗಡಿಗೆ ಬಂದ.

"ನಂಗೂ ಮೇಡಂ ಮುಖದ್ದೇ ಡಿಸೈನ್ ಹಾಕಿ."

ಕಾವಲು

ಅರಿಶಿನ-ಕುಂಕುಮಕ್ಕೆ ಕರೆದರೆ ಹೋಗದೆ ಇರುತ್ತಿರಲಿಲ್ಲ. ಅಲ್ಲೇ ತೊಂದರೆ. ಕರೆದವರು ಪ್ರೀತಿಯಿಂದ ಎರಡೂ ಕೆನ್ನೆಗೆ ಅರಿಶಿನ ಸವರುತ್ತಾರೆ. ಅದಕ್ಕೆ ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತು, "ಎಡಗೆನ್ನೆ ಮುಟ್ಟಬೇಡಿ" ಅಂತ ಕೂಗುತ್ತಿದ್ದೆ. ಒಳಗೆಲ್ಲ ಹೆಂಗಸರು. ನಾನೊಬ್ಬ ಗಂಡಸು ಹೊಸ್ತಿಲಲ್ಲಿ.

ಬೀದಿ ಕೊನೆಯಲ್ಲಿ ಊರಿನ ಹಳೇ ಮನೆ ಅಜ್ಜಿ ಇದಾರೆ. ಅವರಿಗೆ ಇದು ನೋಡಿ ನೋಡಿ ಸಾಕಾಗಿತ್ತು.

"ನಿನ್ ಎಂಡ್ತಿ ಕೆನ್ನೆ ಏನ್ ಬ್ಯಾಂಕೇನಪ್ಪಾ? ಇಂಗೆ ಕಾವಲು ನಿಂತಿದೀಯ!"

ಬೈದರು. ಆದರೂ ಎಡಗಡೆದು ನಷ್ಟ ಆಗಬಾರದು ಅಂತ ಎರಡು ಕೆನ್ನೆಯ ಅರಿಶಿನವನ್ನೂ ಬಲಗಡೆಗೇ ಮೆತ್ತಿದರು. ಮನೆಗೆ ಬಂದಾಗ ಅರ್ಧ ಮುಖ ಗೌರಮ್ಮ, ಅರ್ಧ ಮುಖ ನನ್ನ ಹೆಂಡತಿ. ನಾನು ನಕ್ಕೆ. ನಕ್ಕರೆ ಅವಳಿಗೆ ನೋಯುತ್ತೆ. ಅಡುಗೆ ಮನೆಗೆ ಹೋಗಿ ಸೌಟು ತಗೊಂಡಳು. ಮೂರು.

ಕೊನೇದು

ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು.

ಹೆಂಗಸರು ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ನಡುಮನೆಯಲ್ಲಿ ಮಲಗಿಸಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಅಳು ಬಂದಿರಲಿಲ್ಲ. ಯಾರು ಏನು ಹೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ. ಅಜ್ಜಿ ಅರಿಶಿನದ ಬಟ್ಟಲು ತಂದು ಪಕ್ಕ ಕೂತರು. ಬಲಗೆನ್ನೆಗೆ ಹಚ್ಚಿದರು. ಕೈ ಎಡಗಡೆಗೆ ಹೋಯಿತು.

"ಎಡಗೆನ್ನೆ ಮುಟ್ಟಬೇಡಿ!"

ನಾನೇ. ಎದ್ದು ನಿಂತಿದ್ದೆ.

ಅಜ್ಜಿ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ ತಪ್ಪಾಯ್ತು ಕಣವ್ವಾ, ಮರ್ತೇ ಓಯ್ತು" ಅಂದರು. ನನಗಲ್ಲ. ಅವಳಿಗೆ.

ಮೂಲೆಯಲ್ಲಿ ಯಾರೋ ಕಿಸಕ್ಕಂದರು. ನೋಡಿದರೆ ಆಪಾ, ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅಜ್ಜಿನೂ. ನಗು ಎಲ್ಲಿ ಮುಗೀತು, ಅಳು ಎಲ್ಲಿ ಶುರುವಾಯಿತು ಗೊತ್ತಿಲ್ಲ. ನನಗೆ ಎರಡೂ ಒಟ್ಟಿಗೆ ಬಂತು.

ಅಜ್ಜಿ ಕಣ್ಣೊರೆಸಿಕೊಂಡರು. "ಇಂಗೇ ಕಳ್ಸಿದ್ರೆ ಮೇಲೆ ಕೇಳಾಕಿಲ್ವಾ, ಇದೇನವ್ವ ಅರ್ಧ ಮುಖಕ್ಕೆ ಅರಿಶ್ನ ಅಂತ? ಏನ್ ಯೇಳ್ತಾಳೆ?"

"ನಮ್ಮನೆಯವರು ಬಿಡಲಿಲ್ಲ ಅಂತಾಳೆ" ಅಂದೆ.

"ಅಂಗಾದ್ರೆ ನೀನೇ ಅಚ್ಚು." ಬಟ್ಟಲು ನನ್ನ ಕೈಗೆ ಕೊಟ್ಟರು.

ಅವಳ ಪಕ್ಕ ಕೂತೆ. ಬೆರಳು ಅದ್ದಿದೆ. ಆ ಕೆನ್ನೆ ಮುಟ್ಟಿ ಎಷ್ಟು ವರ್ಷ ಆಗಿತ್ತೋ. ಕೈ ಹೋಗಲಿಲ್ಲ. ಹತ್ತಿರ ಹೋಗಿ ನಿಂತುಬಿಟ್ಟಿತು. ನೋಯುತ್ತೇನೋ ಅಂತ ಅವಳ ಮುಖಾನೇ ನೋಡುತ್ತಾ ಕೂತೆ. ಎಲ್ಲರೂ ಕಾಯುತ್ತಿದ್ದರು.

ಅಡುಗೆ ಮನೆಯಿಂದ ಸದ್ದು ಬಂತು. ಟಕ್. ಟಕ್. ಟಕ್.

ತಿರುಗಿ ನೋಡಿದೆ. ಬಾಗಿಲಲ್ಲಿ ಆಪಾ. ಕೈಯಲ್ಲಿ ನಮ್ಮ ಸೌಟು, ಕಣ್ಣ ತುಂಬ ನೀರು.

ನಾನು ಹಚ್ಚಿದೆ. ಕೆನ್ನೆ ತುಂಬ ಹಚ್ಚಿದೆ.